ದೊಡ್ಡಮ್ಮನ ಎದೆಯ ಬಿಳಿ ಮಚ್ಚೆ

ನಾಯಿ ಪ್ರದರ್ಶನಗಳಿಗೆ ತಪ್ಪದೆ ಹೋಗಿಬರುವ ಜನ ಹೆಚ್ಚೇನಿಲ್ಲ. ಎಲ್ಲ ಊರಿನವರನ್ನು ಗುಡ್ಡೆ ಹಾಕಿದರೂ ಒಂದು ಸಿನಿಮಾ ಟಾಕೀಸು ತುಂಬಲಿಕ್ಕಿಲ್ಲ. ಆ ಜನರ ನಡುವೆ ಟೇಲರಮ್ಮ ಅಂದರೆ ಸಾಕು, ಎಲ್ಲರಿಗೂ ಗೊತ್ತು. ಗಂಡಸರು, ಹೆಂಗಸರು, ಅವಳಿಗಿಂತ ಹತ್ತು ವರ್ಷ ದೊಡ್ಡವರು, ಎಲ್ಲರೂ ಅವಳನ್ನು ಕರೆಯುವುದು ಅಕ್ಕ ಎಂದೇ. ಯಾವ ತಳಿಯ ಬಾಲ ಬೆನ್ನಿನಿಂದ ಎಷ್ಟು ಮೇಲಕ್ಕೆ ಏಳಬೇಕು, ಯಾವುದರ ಕಿವಿ ಕಣ್ಣಿನ ಮಟ್ಟಕ್ಕಿರಬೇಕು ಎಂದು ಯಾರಾದರೂ ಕೇಳಿದರೆ ಹೊಲಿಗೆ ಯಂತ್ರ ತುಳಿಯುವುದನ್ನು ನಿಲ್ಲಿಸದೆಯೇ ಹೇಳುತ್ತಾಳೆ. ಅಕ್ಕನಂಥ ನೇರ ಮನುಷ್ಯಳು ಇನ್ನೊಬ್ಬಳಿಲ್ಲ ಎಂದು ಜನ ಹೊಗಳುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಟೇಲರಮ್ಮ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಾಳೆ. ಅದನ್ನು ಕಂಡು ಜನ, ಎಷ್ಟು ವಿನಯ ನೋಡಿ ಎನ್ನುತ್ತಾರೆ. ಅದು ವಿನಯವಲ್ಲ, ಶುದ್ಧ ನಾಚಿಕೆ. ಮೂವತ್ತೊಂದು ವರ್ಷ ಹಳೆಯದು.

ಈ ಹುಚ್ಚು ಅವಳಿಗೆ ಅಂಟಿಕೊಂಡದ್ದು ಹನ್ನೊಂದನೇ ವಯಸ್ಸಿನಲ್ಲಿ. ಅವಳ ಅಮ್ಮನೂ ಹೊಲಿಗೆಯವಳೇ. ಯಾರೋ ಶ್ರೀಮಂತ ಹೆಂಗಸಿಗೆ ಹೊಲಿದ ಕೋಟನ್ನು ಕೊಟ್ಟು ಬಾ ಎಂದು ಮಗಳನ್ನು ಒಂದು ಮೈದಾನಕ್ಕೆ ಕಳಿಸಿದಳು. ಅಲ್ಲಿ ಹಗ್ಗ ಕಟ್ಟಿದ ಚೌಕದೊಳಗೆ ಒಂದು ಕಪ್ಪು ನಾಯಿ ನಿಂತಿತ್ತು. ಸುತ್ತ ಅಷ್ಟೊಂದು ಗದ್ದಲವಿದ್ದರೂ ಮಿಸುಕಾಡದೆ, ನಾಲ್ಕು ಕಾಲನ್ನೂ ಅಳತೆ ಹಿಡಿದು ಇಟ್ಟ ಹಾಗೆ ಊರಿ, ಕತ್ತೆತ್ತಿ ನಿಂತಿತ್ತು. ತೀರ್ಪುಗಾರರು ಅದರ ಬೆನ್ನ ಮೇಲೆ ಕೈಯಾಡಿಸಿದ್ದನ್ನು ನೋಡಿ ಹುಡುಗಿಗೆ ತನ್ನ ಬೆನ್ನೇ ನೆಟ್ಟಗಾದಂತಾಯಿತು. ಕೋಟು ಕೊಡುವುದು ಮರೆತು ಸಂಜೆಯವರೆಗೂ ಹಗ್ಗ ಹಿಡಿದು ನಿಂತಳು. ಮನೆಯಲ್ಲಿ ಬೈಗುಳ ತಿಂದಳು, ಆದರೆ ಆ ನಾಯಿ ತಲೆಯಿಂದ ಇಳಿಯಲಿಲ್ಲ.

ಮದುವೆಯಾದದ್ದು ಮರದ ಸಾಮಾನಿಗೆ ಪಾಲಿಶ್ ಹಾಕುವವನನ್ನು. ಮನೆಯ ಮುಂದಿನ ಕೋಣೆಯಲ್ಲಿ ಇವಳ ಹೊಲಿಗೆ ಯಂತ್ರ, ಹಿತ್ತಲ ತಗಡಿನ ಮಾಡಿನಡಿ ಅವನ ಕುರ್ಚಿ, ಕಪಾಟು, ಬಣ್ಣದ ಡಬ್ಬಿ. ಎಷ್ಟು ತಿಕ್ಕಿದರೂ ಅವನ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ನಾಯಿಗಳ ವಿಷಯದಲ್ಲಿ ಅವನಿಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಅವನಿಗೆ ಇದ್ದದ್ದು ಹೆಂಡತಿಯ ಮೇಲಿನ ಪ್ರೀತಿ. ಹಾಗಾಗಿ ಅವಳ ಹಿಂದೆ ಊರೂರಿಗೆ ನೀರಿನ ಕ್ಯಾನು, ಬುತ್ತಿ, ಮಡಿಸುವ ಕುರ್ಚಿ ಹೊತ್ತು ತಿರುಗುತ್ತಿದ್ದ. "ನಾಯಿಗೆ ಬಹುಮಾನ ಬಂದ್ರೆ ಇವಳಿಗೆ ಖುಷಿ, ಬರದಿದ್ರೆ ನಂಗೆ ಮೂರು ದಿನ ಉಪ್ಪಿಲ್ಲದ ಸಾರು" ಎಂದು ಎಲ್ಲರ ಮುಂದೆ ಹೇಳಿ ನಗಿಸುತ್ತಿದ್ದ.

ಮೊದಲ ಹತ್ತು ವರ್ಷ ಅವನು ಉಪ್ಪಿಲ್ಲದ ಸಾರೇ ತಿಂದ. ಆಮೇಲೆ ಬಂದಳು ದೊಡ್ಡಮ್ಮ. ಡಾಬರ್‌ಮನ್ ಜಾತಿಯ ಕಪ್ಪು ಹೆಣ್ಣುಮರಿ. ಕಾಗದಪತ್ರದಲ್ಲಿ ಅದಕ್ಕೆ ಯಾರ ನಾಲಿಗೆಯೂ ಹೊರಳದಂಥ ಉದ್ದನೆಯ ಹೆಸರಿತ್ತು. ಆದರೆ ಎರಡು ತಿಂಗಳ ಮರಿ ಮನೆಗೆ ಬಂದ ದಿನವೇ ಒಂದೊಂದು ಕೋಣೆಯನ್ನೂ ನಿಧಾನವಾಗಿ ಹೊಕ್ಕು ನೋಡಿ, ಯಾವುದೂ ಸರಿಯಿಲ್ಲ ಎನ್ನುವ ಮುಖ ಮಾಡಿ, ಬಾಗಿಲಲ್ಲಿ ಕೂತಿತು. "ಸರಿಹೋಯ್ತು, ನಮ್ಮ ದೊಡ್ಡಮ್ಮ ಬಂದ್ಲು" ಎಂದ ಗಂಡ. ಆ ಹೆಸರೇ ನಿಂತಿತು.

ದೊಡ್ಡಮ್ಮ ನಡೆದರೆ ಬೇರೆ ನಾಯಿಗಳ ಯಜಮಾನರ ಮುಖ ಇಳಿದುಹೋಗುತ್ತಿತ್ತು. ಚಾಂಪಿಯನ್ ಎನ್ನಿಸಿಕೊಳ್ಳಲು ಮೂವರು ಬೇರೆ ಬೇರೆ ತೀರ್ಪುಗಾರರಿಂದ ಮೂರು ಪ್ರಮಾಣಪತ್ರ ಬೇಕು. ಮೂರು ವರ್ಷ ತುಂಬುವುದರೊಳಗೆ ಎರಡು ಬಂದವು. ಕೊರತೆ ಒಂದೇ. ದೊಡ್ಡಮ್ಮನ ಎದೆಯ ನಡುವೆ ಅಂಗಿಯ ಗುಂಡಿಯಷ್ಟು ಒಂದು ಬಿಳಿ ಮಚ್ಚೆ. ಈ ತಳಿಯಲ್ಲಿ ಬಿಳಿ ಇರಕೂಡದು. ಮೊದಲ ಇಬ್ಬರು ನೋಡಿಯೂ ನೋಡದವರ ಹಾಗೆ ಬಿಟ್ಟರು. ಆದರೆ ದೊಡ್ಡಮ್ಮ ಒಮ್ಮೆ ಮರಿ ಹಾಕಿ, ಹಳೇ ಕೂದಲು ಉದುರಿ ಹೊಸದು ಬಂದಾಗ ಮಚ್ಚೆ ಹಿಗ್ಗಿ ಕೋಟಿನ ಗುಂಡಿಯಷ್ಟಾಗಿತ್ತು. ಅದರಿಂದ ನಾಯಿಗೆ ನೋವಿಲ್ಲ, ಕಾಯಿಲೆಯಿಲ್ಲ. ಮಚ್ಚೆ ಒಂದು ತಪ್ಪು ಎಂದು ಅದಕ್ಕೆ ಯಾರೂ ಹೇಳಿರಲೂ ಇಲ್ಲ. ಆದರೆ ಮೂರನೇ ಪ್ರದರ್ಶನಕ್ಕೆ ಬರಲಿದ್ದ ತೀರ್ಪುಗಾರರು ನಿವೃತ್ತ ಪಶುವೈದ್ಯರು, ಜೇಬಿನಲ್ಲಿ ಅಳತೆಪಟ್ಟಿ ಇಟ್ಟುಕೊಂಡು ಓಡಾಡುವ ಆಸಾಮಿ.

ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ಗಂಡ ಒಂದು ಮಂಚ ತಲುಪಿಸಲು ಹೋಗಿದ್ದ. ಹತ್ತು ವರ್ಷದ ಮಗಳು ಶಾಲೆಯಲ್ಲಿದ್ದಳು. ಟೇಲರಮ್ಮ ಹಿತ್ತಲಿಗೆ ಹೋಗಿ, ಅವನು ಹಳೇ ಕಪಾಟುಗಳಿಗೆಂದು ಬೆರೆಸಿಟ್ಟ ಕಪ್ಪು ಬಣ್ಣದ ಬಾಟಲಿ ತೆಗೆದಳು. ದೊಡ್ಡಮ್ಮನನ್ನು ಕರೆದಳು. "ನಿಲ್ಲು" ಎಂದಳು. ದೊಡ್ಡಮ್ಮ ಇದೂ ಅಭ್ಯಾಸವೇ ಎಂದು ತಿಳಿದು ಕಾಲು ನಾಲ್ಕೂ ಸರಿಯಾಗಿ ಊರಿ, ಕತ್ತೆತ್ತಿ, ಎದೆ ಮುಂದೆ ಮಾಡಿ ನಿಂತಿತು. ಟೇಲರಮ್ಮ ಹತ್ತಿಯ ಉಂಡೆ ಅದ್ದಿ ಆ ಎದೆಗೇ ಒತ್ತಿದಳು. ಬಣ್ಣದ ಘಾಟಿಗೆ ನಾಯಿ ಒಂದೇ ಒಂದು ಸಲ ಸೀನಿತು, ಮತ್ತೆ ತಾನಾಗಿಯೇ ನೆಟ್ಟಗೆ ನಿಂತಿತು. ಇವಳೂ ನಿಲ್ಲಿಸಲಿಲ್ಲ. ಹತ್ತಿಯನ್ನು ಕಾಗದದಲ್ಲಿ ಸುತ್ತಿ ಬೀದಿ ಕೊನೆಯ ಕಸದ ತೊಟ್ಟಿಗೆ ಎಸೆದು ಬಂದು, ಕೈಯನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತಿಕ್ಕಿ ತೊಳೆದಳು.

ಮರುದಿನ ಬಿಸಿಲು ಜೋರಾಗಿತ್ತು. ಚೌಕದೊಳಗೆ ದೊಡ್ಡಮ್ಮ ಓಡಿದ ಓಟಕ್ಕೆ ಹಗ್ಗದಾಚೆಯ ಜನ ಚಪ್ಪಾಳೆ ತಟ್ಟಿದರು. ತೀರ್ಪುಗಾರರು ಹಲ್ಲು ನೋಡಿದರು, ಭುಜ ಒತ್ತಿದರು, ಬೆನ್ನು ಸವರಿದರು. ಎದೆಗೆ ಬಂದಾಗ ಕೈ ನಿಂತಿತು. ಜೇಬಿನಿಂದ ಬಂದದ್ದು ಅಳತೆಪಟ್ಟಿಯಲ್ಲ, ಕರವಸ್ತ್ರ. ಅದರ ಮೇಲೆ ನೀರಿನ ಬಾಟಲಿಯಿಂದ ನಾಲ್ಕು ಹನಿ ಚಿಮುಕಿಸಿ, ನಾಯಿಯ ಎದೆಯ ಮೇಲೆ ಒಮ್ಮೆ ಗಟ್ಟಿಯಾಗಿ ಎಳೆದರು. ಆಮೇಲೆ ಕರವಸ್ತ್ರ ಬಿಡಿಸಿ ಇವಳ ಮುಂದೆ ಹಿಡಿದರು. ಬಿಳಿ ಬಟ್ಟೆಯ ನಡುವೆ ನೀಲಿ ಬೆರೆತ ಕಪ್ಪು ಗೀರು.

"ಏನಮ್ಮ ಇದು?"

ಜನ ಹಗ್ಗದ ಹತ್ತಿರಕ್ಕೆ ಒತ್ತಿಕೊಂಡು ಬಂದರು. ದೊಡ್ಡಮ್ಮ ಮಾತ್ರ, ಕೆಲಸ ಇನ್ನೂ ಮುಗಿದಿಲ್ಲವೆಂದು ಹಾಗೇ ನಿಂತಿತ್ತು. ಟೇಲರಮ್ಮ ತಪ್ಪಾಯಿತು ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಹಗ್ಗದ ಆಚೆ ಮಗಳ ಭುಜದ ಮೇಲೆ ಇದ್ದ ಗಂಡನ ಕೈ ಕಣ್ಣಿಗೆ ಬಿತ್ತು. ಕಪ್ಪು ಉಗುರಿನ ಕೈ.

"ನಂಗೇನೂ ಗೊತ್ತಿಲ್ಲ ಸಾರ್" ಎಂದಳು. "ಬಣ್ಣದ ಕೆಲಸ ನಮ್ಮ ಮನೆಯವ್ರದ್ದು."

ಎಲ್ಲರ ಕತ್ತೂ ಅತ್ತ ತಿರುಗಿತು. ಕರವಸ್ತ್ರದ ಮೇಲಿನದು ತನ್ನ ಬಣ್ಣ ಎಂದು ಅವನಿಗೆ ಅಷ್ಟು ದೂರದಿಂದಲೇ ಗೊತ್ತಾಗಿತ್ತು. ಹೆಂಡತಿಯ ಮುಖ ನೋಡಿದ. ಬಹಳ ಹೊತ್ತೇನೂ ಅಲ್ಲ. ಮಗಳ ಭುಜದಿಂದ ಕೈ ತೆಗೆದು, ಹಗ್ಗದಡಿ ಬಗ್ಗಿ ಒಳಗೆ ಬಂದ.

"ಹೌದು ಸಾರ್, ನಾನೇ ಹಚ್ಚಿದ್ದು. ಪಾಪ, ಇವಳಿಗೆ ಗೊತ್ತಿಲ್ಲ. ಬೈಯೋದಿದ್ರೆ ನನ್ನ ಬೈರಿ."

ಬೈದರು. ಮೈಕಿನಲ್ಲೇ ಬೈದರು. ಹತ್ತು ವರ್ಷದ ಮಗಳು ನಿಂತ ಕಡೆಯೇ ಅಳತೊಡಗಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಟೇಲರಮ್ಮನಿಗೆ. ಆದರೆ ಬಾಯಿ ಬಿಡಬೇಕಾಗಿದ್ದವಳು ತಾನು, ಭೂಮಿಯಲ್ಲ.

ವಾಪಸ್ಸು ಬರುವಾಗ ಮಗಳು ವ್ಯಾನಿನ ಹಿಂದೆ ನಾಯಿಯನ್ನು ತಬ್ಬಿಕೊಂಡು ನಿದ್ದೆಹೋಗಿದ್ದಳು. ಅರ್ಧ ದಾರಿ ಕಳೆದ ಮೇಲೆ ಗಂಡ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ, "ಒಂದೇ ಕೋಟ್ ಹಾಕಿದ್ದೀಯ ಕಣೆ. ಅದು ಎರಡು ಕೋಟ್ ಬೇಡೋ ಬಣ್ಣ. ನನ್ನ ಕೇಳಿದ್ರೆ ಹೇಳ್ತಿದ್ದೆ."

ಟೇಲರಮ್ಮನಿಗೆ ನಗು ಬಂದುಬಿಟ್ಟಿತು. ಅವಳು ನಕ್ಕಳು. ಬಣ್ಣ ಹಚ್ಚಿದ್ದಕ್ಕಿಂತ, ಸುಳ್ಳು ಹೇಳಿದ್ದಕ್ಕಿಂತ, ಆ ಹೊತ್ತಿನಲ್ಲಿ ಹಗುರಾಗಿ ನಕ್ಕದ್ದು ಅವಳನ್ನು ಈಗಲೂ ಹೆಚ್ಚು ಸುಡುತ್ತದೆ. ಅವನು ಆ ಮಾತನ್ನು ಹೇಳಿ ಅವಳನ್ನು ಮನ್ನಿಸಿದ, ಅವಳು ನಕ್ಕು ಬಿಡುಗಡೆ ಪಡೆದಳು. ಅದಾದ ಮೇಲೆ ಆ ವಿಷಯ ಇಬ್ಬರ ನಡುವೆ ಬರಲೇ ಇಲ್ಲ.

ವಾರ ಕಳೆದು, ಪ್ರದರ್ಶನ ನಡೆಸುವ ಕ್ಲಬ್ಬಿನ ಕಾರ್ಯದರ್ಶಿ ಮನೆಗೇ ಬಂದ. ಒಳ್ಳೆಯ ಮನುಷ್ಯ, ಮಾತು ಜಾಸ್ತಿ. "ನಿಮ್ಮನ್ನ ಅನುಮಾನ ಪಡೋಕಾಗುತ್ತಾ ಅಕ್ಕ? ನಾಯಿ ಮೈಗೆ ಪೌಡರ್ ಹಚ್ಚಿದ್ರೂ ಪಾಪ ಬರುತ್ತೆ ಅನ್ನೋರು ನೀವು. ಭಾವ ಒಂದು ಹೇಳಿಕೆ ಬರೆದುಕೊಟ್ರೆ ಮುಗೀತು" ಎಂದ. ಗಂಡನ ಅಕ್ಷರ ಅವನಿಗೇ ಓದಲು ಬಾರದು. "ನೀನೇ ಬರಿ ಕಣೆ, ನಾನು ರುಜು ಹಾಕ್ತೀನಿ" ಎಂದ. ಟೇಲರಮ್ಮ ಹೊಲಿಗೆ ಯಂತ್ರದ ಹಲಗೆಯ ಮೇಲೆ ಕಾಗದವಿಟ್ಟು, ತನ್ನ ದುಂಡನೆಯ ಅಕ್ಷರದಲ್ಲಿ, "ನಾನು ನನ್ನ ಹೆಂಡತಿಗೆ ತಿಳಿಸದೆ" ಎಂದು ಶುರುಮಾಡಿ ಪೂರ್ತಿ ಬರೆದಳು. ಅವನು ಕೆಳಗೆ ಕಾಗೆ ಕಾಲಿನಂಥ ರುಜು ಹಾಕಿದ. ಅವನಿಗೆ ಐದು ವರ್ಷ ಮೈದಾನದೊಳಗೆ ಕಾಲಿಡಕೂಡದೆಂಬ ಶಿಕ್ಷೆಯಾಯಿತು. ಅವಳಿಗೆ ಒಂದು ಎಚ್ಚರಿಕೆ ಪತ್ರ, ಅದೂ ಬಲು ಮರ್ಯಾದೆಯ ಮಾತುಗಳಲ್ಲಿ.

ಅಷ್ಟಕ್ಕೇ ಟೇಲರಮ್ಮ ಪ್ರದರ್ಶನಗಳಿಗೆ ಹೋಗುವುದನ್ನು ಬಿಟ್ಟಿದ್ದರೆ ಅವಳ ಬಗ್ಗೆ ಕೊಂಚ ಕನಿಕರ ತೋರಿಸಬಹುದಿತ್ತು. ಬಿಡಲಿಲ್ಲ. ಆರು ತಿಂಗಳಿಗೆ ಮತ್ತೆ ಹೊರಟಳು. ಅವನೇ ವ್ಯಾನು ಓಡಿಸಿಕೊಂಡು ಹೋದ. ಅವಳು ನಾಯಿ ಹಿಡಿದು ಗೇಟಿನೊಳಗೆ ಹೋದರೆ ಅವನು ಗೇಟಿನ ಹೊರಗೆ ಮಡಿಸುವ ಕುರ್ಚಿ ಬಿಚ್ಚಿಕೊಂಡು ಸಂಜೆವರೆಗೂ ಕೂತಿರುತ್ತಿದ್ದ. ಒಳಗೆ ಚಪ್ಪಾಳೆ ಬಿದ್ದಾಗ ಎದ್ದು ನಿಂತು ಗೇಟಿನ ಸರಳಿನ ಸಂದಿಯಿಂದ ಇಣುಕುತ್ತಿದ್ದ. ಹೋಗಿಬರುವವರು ಚಹಾ ತಂದುಕೊಟ್ಟು, "ಏನು ಬಣ್ಣದ ಭಾವ, ಈ ಸಲ ಯಾವ ಕಲರು?" ಎಂದು ಛೇಡಿಸುತ್ತಿದ್ದರು. ಅವನೂ ನಕ್ಕು ಕಥೆ ಕಟ್ಟುತ್ತಿದ್ದ. ಒಂದು ಸಲ ಬಾತುಕೋಳಿ ಗರಿಯಿಂದ ಹಚ್ಚಿದೆ ಎಂದ, ಇನ್ನೊಂದು ಸಲ ಮಗುವಿನ ಹಲ್ಲುಜ್ಜುವ ಬ್ರಷ್ಷಿನಿಂದ. ಹೆಂಡತಿ ಸ್ನಾನಕ್ಕೆ ಹೋದಾಗ, ಹೆಂಡತಿ ಅಂಗಡಿಗೆ ಹೋದಾಗ, ನಾಯಿ ಸೀನಿದಾಗ. ವರ್ಷ ವರ್ಷಕ್ಕೂ ಕಥೆ ಬೆಳೆಯಿತು. ಒಳಗಿನಿಂದ ಬರುವಾಗ ಅದರ ಒಂದೆರಡು ಮಾತು ಕಿವಿಗೆ ಬಿದ್ದರೆ ಟೇಲರಮ್ಮ ನಾಯಿಯ ಪಟ್ಟಿ ಸರಿಮಾಡುವ ನೆಪದಲ್ಲಿ ಹಿಂದೆಯೇ ಉಳಿಯುತ್ತಿದ್ದಳು.

ಐದು ವರ್ಷದ ಶಿಕ್ಷೆ ಮುಗಿದ ಮೇಲೂ ಅವನು ಒಳಗೆ ಬರಲಿಲ್ಲ. ಬನ್ನಿ ಎಂದು ಅವಳು ಕರೆದಾಗ, "ಇಲ್ಲೇ ಗಾಳಿ ಚೆನ್ನಾಗಿದೆ" ಎಂದ. ದೊಡ್ಡಮ್ಮನ ಮೊಮ್ಮಗಳು ಕೊನೆಗೂ ಚಾಂಪಿಯನ್ ಆದಾಗಲೂ ಅವನು ಹೊರಗೇ ಇದ್ದ. ಬಹುಮಾನದ ಕಪ್ಪನ್ನು ಅವಳು ಗೇಟಿನ ಹೊರಗೆ ತಂದು ತೋರಿಸಿದಳು. ಅವನು ಅಂಗಿಯ ತುದಿಯಿಂದ ಅದನ್ನು ಒರೆಸಿ, "ಒಳ್ಳೇ ಪಾಲಿಶ್" ಎಂದ.

ಮಗಳ ವಿಷಯ ಇನ್ನೂ ಕಷ್ಟದ್ದು. ಅವಳಿಗೆ ಶಾಲೆಯಲ್ಲಿ ಬಣ್ಣದವನ ಮಗಳು ಎಂದೇ ಹೆಸರು ಬಿತ್ತು. ಹದಿನೈದು ತುಂಬಿದಾಗ, ಯಾವುದೋ ಬೇರೆ ಜಗಳದ ನಡುವೆ, ಊಟದ ತಟ್ಟೆಯ ಮುಂದೆ ಅಪ್ಪನಿಗೆ ಹೇಳಿಬಿಟ್ಟಳು, "ನಿಮ್ಮಿಂದ ಅಮ್ಮನ ಮರ್ಯಾದೆ ಹೋಯ್ತು. ಜೀವನಪೂರ್ತಿ ಕಷ್ಟಪಟ್ಟು ಸಾಕಿದ ನಾಯೀನ ಒಂದು ದಿನದಲ್ಲಿ ಹಾಳು ಮಾಡಿದ್ರಿ. ಮೋಸಗಾರರು ನೀವು."

ಅವನ ತುತ್ತು ಕೈಯಲ್ಲೇ ನಿಂತಿತು. "ಹೌದಮ್ಮ" ಎಂದ. "ತಪ್ಪಾಯ್ತು."

ಟೇಲರಮ್ಮ ಪಕ್ಕದಲ್ಲೇ ಬಡಿಸುತ್ತ ನಿಂತಿದ್ದಳು. ಈಗ ಹೇಳು, ಈಗ ಹೇಳು ಎಂದು ಒಳಗೆ ಮನಸ್ಸು ಬಡಿದುಕೊಂಡಿತು. "ದೊಡ್ಡೋರ ಹತ್ರ ಹೀಗೆ ಮಾತಾಡ್ಬಾರ್ದು" ಎಂದು ಮಗಳನ್ನು ಗದರಿದಳು, ಅಷ್ಟೇ. ಗದರಿದ್ದಕ್ಕೆ ಮಗಳ ಕಣ್ಣಲ್ಲಿ ಅಮ್ಮ ಇನ್ನಷ್ಟು ದೊಡ್ಡವಳಾದಳು. ತಪ್ಪು ಮಾಡಿದವರನ್ನು ಎಲ್ಲರೂ ಮೆಚ್ಚುವುದಕ್ಕಿಂತ ದೊಡ್ಡ ಶಿಕ್ಷೆ ಇದೆಯೋ ಇಲ್ಲವೋ, ಟೇಲರಮ್ಮನಿಗೆ ಮಾತ್ರ ಬೇರೆ ಶಿಕ್ಷೆ ಸಿಗಲಿಲ್ಲ.

ಮೂರು ವರ್ಷದ ಹಿಂದೆ ಗಂಡ ಹಿತ್ತಲಲ್ಲಿ ಕುರ್ಚಿಯೊಂದಕ್ಕೆ ಮರಳು ಕಾಗದ ಉಜ್ಜುತ್ತಿದ್ದವನು ಹಾಗೇ ಪಕ್ಕಕ್ಕೆ ವಾಲಿದ. ಜೀವ ಉಳಿಯಿತು. ಎಡಗೈ, ಎಡಗಾಲು ಸೋತವು. ನೆನಪು ಚೆಲ್ಲಾಪಿಲ್ಲಿಯಾಯಿತು. ಊಟ ಮಾಡಿದ್ದು ಮರೆಯುತ್ತಾನೆ, ಬೀದಿಯ ಹೆಸರು ಮರೆಯುತ್ತಾನೆ, ಒಮ್ಮೊಮ್ಮೆ ಮಗಳನ್ನು ತನ್ನ ತಂಗಿಯೆಂದು ತಿಳಿದು ಮಾತಾಡಿಸುತ್ತಾನೆ. ಟೇಲರಮ್ಮ ಅವನ ಹಾಸಿಗೆಯನ್ನು ಮುಂದಿನ ಕೋಣೆಗೇ ತಂದಳು. ಯಂತ್ರ ತುಳಿಯುತ್ತಲೇ ಅವನನ್ನು ನೋಡಿಕೊಳ್ಳುತ್ತಾಳೆ. ಈಗ ಮನೆಯಲ್ಲಿರುವುದು ಒಂದೇ ನಾಯಿ, ಅದಕ್ಕೂ ವಯಸ್ಸಾಗಿದೆ.

ಈ ವರ್ಷ ಕಾರ್ಯದರ್ಶಿಯಿಂದ ಫೋನು ಬಂತು. ಅವನಿಗೂ ತಲೆ ಪೂರ್ತಿ ನರೆತಿದೆ, ಮಾತು ಮಾತ್ರ ಕಡಿಮೆಯಾಗಿಲ್ಲ. "ಅಕ್ಕ, ಕ್ಲಬ್ಬಿನವರೆಲ್ಲ ಒಂದೇ ಮಾತಲ್ಲಿ ಒಪ್ಪಿದೀವಿ. ಈ ಸಲ ತೀರ್ಪುಗಾರರು ನೀವೇ. ಇಲ್ಲ ಅನ್ನಬಾರ್ದು." ಎರಡು ದಿನಕ್ಕೆ ಅಂಚೆಯಲ್ಲಿ ಒಂದು ನಮೂನೆ ಬಂತು. ಹೆಸರು, ವಿಳಾಸ, ಸಾಕಿದ ನಾಯಿಗಳ ವಿವರ, ಎಲ್ಲ ತುಂಬಿದಳು. ಕಡೆಯಲ್ಲಿ ಒಂದು ಸಾಲು: ಪ್ರದರ್ಶನದಲ್ಲಿ ನಾನು ಯಾವತ್ತೂ ಯಾವುದೇ ರೀತಿಯ ಮೋಸ ಮಾಡಿರುವುದಿಲ್ಲ. ಕೆಳಗೆ ರುಜು.

ಹನ್ನೊಂದನೇ ವಯಸ್ಸಿನಿಂದ ಅವಳು ಬಯಸಿದ್ದು ಇದನ್ನೇ, ಆ ಚೌಕದ ನಡುವೆ ನಿಂತು ನಾಯಿಯ ಬೆನ್ನ ಮೇಲೆ ಕೈಯಾಡಿಸುವ ಅಧಿಕಾರ. ಪೆನ್ನು ಹಿಡಿದು ಅರ್ಧ ಗಂಟೆ ಕೂತಳು. ರುಜು ಹಾಕಲು ಕೈ ಏಳಲಿಲ್ಲ. ಹಾಕದೆ ವಾಪಸ್ಸು ಕಳಿಸಿದರೂ ಸಾಲದು ಅನ್ನಿಸಿತು. ಮೊದಲು ಗಂಡನ ಮುಂದೆ, ಮಗಳ ಮುಂದೆ, ಬಾಯಿ ಬಿಟ್ಟು ಹೇಳಬೇಕು. ಅವನಿಗೆ ಅರ್ಥವಾಗುವಷ್ಟು ಬುದ್ಧಿ ಇನ್ನೂ ಇರುವಾಗಲೇ ಅವನ ಹೆಸರನ್ನು ಅವನಿಗೆ ವಾಪಸ್ಸು ಕೊಡಬೇಕು. ಆಮೇಲೆ ಕ್ಲಬ್ಬಿಗೆ ಬರೆಯಬೇಕು.

ಭಾನುವಾರ ಬೆಳಿಗ್ಗೆ ಮಗಳು ಬಂದಳು. ಔಷಧಿ ಅಂಗಡಿಯಲ್ಲಿ ಕೆಲಸ ಅವಳಿಗೆ. ವಾರದ ಮಾತ್ರೆಗಳನ್ನು ಡಬ್ಬಿಯ ಖಾನೆಗಳಿಗೆ ಹಾಕಿ ಹೋಗುತ್ತಾಳೆ. ಗಂಡ ದಿಂಬಿಗೊರಗಿ ಕೂತಿದ್ದ. ಆವತ್ತು ಅವನ ಕಣ್ಣು ತಿಳಿಯಾಗಿತ್ತು, ಮಗಳನ್ನು ಸರಿಯಾಗಿ ಗುರುತಿಸಿ ಮಾತಾಡಿಸಿದ್ದ. ಟೇಲರಮ್ಮ ಯಂತ್ರ ನಿಲ್ಲಿಸಿ ಅವನ ಹಾಸಿಗೆಯ ಅಂಚಿನಲ್ಲಿ ಕೂತಳು.

"ರೀ, ನಿಮ್ಮ ಹತ್ರ ಒಂದು ಹೇಳ್ಬೇಕು. ನೀನೂ ಕೇಳು ಮಗಳೇ." ಬೆರಳಿಗಂಟಿದ್ದ ದಾರ ಬಿಡಿಸಿ ಮುಂದುವರಿಸಿದಳು. "ದೊಡ್ಡಮ್ಮನ ಎದೆಗೆ ಅವತ್ತು ಬಣ್ಣ ಹಚ್ಚಿದ್ದು ನಾನು. ನಿಮ್ಮ ಹೆಸರು ಹೇಳಿದ್ದೂ ನಾನು. ನಿಮ್ಮದೇನೂ ತಪ್ಪಿಲ್ಲ. ಒಂದು ಚೂರೂ ಇಲ್ಲ."

ಮಗಳ ಕೈಯಲ್ಲಿದ್ದ ಮಾತ್ರೆ ಖಾನೆಗೆ ಬೀಳದೆ ನಿಂತಿತು. ಗಂಡ ಟೇಲರಮ್ಮನ ಮುಖವನ್ನೇ ನೋಡಿದ. ಆಮೇಲೆ ನಿಧಾನವಾಗಿ ತಲೆಯಾಡಿಸಿದ.

"ಇಲ್ಲ ಕಣೆ" ಎಂದ. ತೊದಲಿದರೂ ಮಾತು ಸ್ಪಷ್ಟವಾಗಿತ್ತು. "ಹಚ್ಚಿದ್ದು ನಾನು. ಹಲ್ಲುಜ್ಜೋ ಬ್ರಷ್ಷು ತಗೊಂಡು. ನೀನು ಸ್ನಾನಕ್ಕೆ ಹೋಗಿದ್ದೆ. ನಾಯಿ ಸೀನ್ತು. ಎಲ್ಲ ನೆನಪಿದೆ ನಂಗೆ."

"ಇಲ್ಲ ರೀ, ಅದು ನೀವು ಗೇಟಿನ ಹತ್ರ ತಮಾಷೆಗೆ ಕಟ್ಟಿದ ಕಥೆ. ಹಚ್ಚಿದ್ದು ನಾನು. ಹತ್ತಿಯಲ್ಲಿ ಹಚ್ಚಿದೆ. ನೀವು ಮಂಚ ಕೊಡೋಕೆ ಹೋಗಿದ್ರಿ."

"ಸುಮ್ನಿರು. ನನ್ನ ತಪ್ಪನ್ನ ನೀನ್ಯಾಕೆ ಮೈಮೇಲೆ ಎಳ್ಕೊತೀಯ?" ಅವನ ಸರಿಯಿದ್ದ ಬಲಗೈ ಅವಳ ಮಣಿಕಟ್ಟು ಹಿಡಿಯಿತು. "ಎಷ್ಟು ಆಸೆಯಿಂದ ಸಾಕಿದ್ದೆ ಅದನ್ನ. ಬಹುಮಾನದ ಕಪ್ಪು ನಿನ್ನ ಕೈಗೆ ಬರೋದಿತ್ತು. ನನ್ನ ದರಿದ್ರ ಬುದ್ಧಿ. ಅವತ್ತಿಂದ ನಿನ್ನ ಹತ್ರ ಕೇಳ್ಬೇಕು ಅಂತಾನೇ ಇದ್ದೆ, ಧೈರ್ಯ ಸಾಲ್ಲಿಲ್ಲ. ನಿಂಗೆ ನನ್ನ ಮೇಲೆ ಸಿಟ್ಟಿಲ್ವಾ?"

"ರೀ, ದಯವಿಟ್ಟು ಕೇಳಿ" ಎಂದಳು ಟೇಲರಮ್ಮ. "ನಾನೇ ರೀ. ನಾನೇ."

ಅವನು ಅಳಲು ಶುರುಮಾಡಿದ. ಮೂವತ್ತೊಂದು ವರ್ಷ ನಗುತ್ತಲೇ ಇದ್ದವನು ಚಿಕ್ಕ ಮಗುವಿನ ಹಾಗೆ ಬಾಯಿ ತೆರೆದು ಅತ್ತ. ಬಾಯಿಯ ಒಂದು ಕಡೆಯಿಂದ ಜೊಲ್ಲು ಇಳಿಯಿತು. ಉಸಿರು ಮೇಲೆ ಕೆಳಗೆ ಆಯಿತು. "ಕ್ಷಮಿಸಿದೀನಿ ಅಂತ ಹೇಳು" ಎಂದ. "ಒಂದೇ ಒಂದು ಸಲ ಹೇಳು. ನಂಗೆ ಅಷ್ಟು ಸಾಕು."

ಮಗಳು ಡಬ್ಬಿ ಕೆಳಗಿಟ್ಟು ಓಡಿ ಬಂದಳು. ಅಪ್ಪನ ಎದೆ ನೀವುತ್ತ, "ಅಮ್ಮಾ, ಸುಮ್ನೆ ಹೇಳ್ಬಿಡಮ್ಮ" ಎಂದಳು. "ಅಪ್ಪನ ಸಮಾಧಾನಕ್ಕೆ ಅಂತ ನೀನು ಅದನ್ನ ನಿನ್ನ ಮೇಲೆ ಹಾಕ್ಕೊಂಡ್ರೆ ಅವ್ರಿಗೆ ಇನ್ನೂ ಸಂಕಟ. ನೋಡು ಹೇಗೆ ಆಡ್ತಿದಾರೆ. ಹೇಳಮ್ಮ."

ಟೇಲರಮ್ಮ ಮಗಳ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಅವಳ ಮಣಿಕಟ್ಟನ್ನು ಹಿಡಿದ ಹಿಡಿತ ಸಡಿಲವಾಗಿರಲಿಲ್ಲ. ಸೆರಗಿನಿಂದ ಅವನ ಬಾಯಿ ಒರೆಸಿದಳು.

"ಆಯ್ತು ರೀ" ಎಂದಳು. "ಕ್ಷಮಿಸಿದೀನಿ."

ಅವನು ನಿಟ್ಟುಸಿರು ಬಿಟ್ಟು ದಿಂಬಿಗೊರಗಿದ. ಮಗಳು ಅಮ್ಮನ ಕೈಯನ್ನು ಎತ್ತಿ ತನ್ನ ಕಣ್ಣಿಗೊತ್ತಿಕೊಂಡಳು.